ಕೋಡಿನ ಪಕ್ಕ ಬರೆದಿಟ್ಟ ಕಾರಣ

ಪೊನ್ನಂಪೇಟೆ, ಗೋಣಿಕೊಪ್ಪಲು, ವಿರಾಜಪೇಟೆ ಕಡೆಯ ಇಂಜಿನಿಯರಿಂಗ್ ಮತ್ತು ಬಿಸಿಎ ವಿದ್ಯಾರ್ಥಿಗಳು ನನಗೆ ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಯಾವ ಫ್ರೇಮ್‌ವರ್ಕ್ ಹಿಡಿಯಲಿ? ಓಪನ್ ಸೋರ್ಸ್‌ನಲ್ಲಿ ಬೇಕಾದಷ್ಟು ಸಿಗುತ್ತವೆ, ಎಲ್ಲವೂ ಉಚಿತ, ಎಲ್ಲದಕ್ಕೂ ಗಿಟ್‌ಹಬ್‌ನಲ್ಲಿ ಸಾವಿರಗಟ್ಟಲೆ ನಕ್ಷತ್ರ. ಯಾವುದರ ಕೋಡ್ ಚೆನ್ನಾಗಿದೆ ಎಂದು ತಿಳಿಯುವುದು ಹೇಗೆ? ತೋಟದ ಲೆಕ್ಕಪತ್ರಕ್ಕೆ ಒಂದು ತಂತ್ರಾಂಶ ಮಾಡಿಸಲು ಹೊರಟ ಬೆಳೆಗಾರರು ಇದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳುತ್ತಾರೆ: ದುಡ್ಡಿಲ್ಲದೆ ಸಿಗುವುದನ್ನು ನಂಬಿ ಕೂರಬಹುದಾ?

ನಾನು ಕೊಡುವ ಉತ್ತರ ಒಂದೇ. ಕೋಡ್ ಓದುವ ಮೊದಲು ಅದರ ಪಕ್ಕದಲ್ಲಿ ಏನು ಬರೆದಿದ್ದಾರೆ ಎಂದು ಓದಿ. ಆ ಬರಹ ಚೆನ್ನಾಗಿದ್ದರೆ ಕೋಡ್ ಚೆನ್ನಾಗಿರುವ ಸಾಧ್ಯತೆ ಹೆಚ್ಚು. ಬರಹವೇ ಇಲ್ಲದಿದ್ದರೆ ಕೋಡ್ ಎಷ್ಟೇ ಜಾಣತನದ್ದಾಗಿರಲಿ, ಅದು ನಿಮ್ಮ ಕೈಗೆ ಸಿಗುವಂಥದ್ದಲ್ಲ. ಈ ಉತ್ತರ ಕೆಲವರಿಗೆ ನಿರಾಸೆ ತರುತ್ತದೆ. ಡಾಕ್ಯುಮೆಂಟೇಶನ್ ಎಂದರೆ ಪ್ರಾಜೆಕ್ಟ್ ರಿಪೋರ್ಟಿನ ಹಾಗೆ, ಕೆಲಸ ಮುಗಿದ ಮೇಲೆ ಬೈಂಡ್ ಮಾಡಿಸಿ ಕೊಡುವ ಕಾಗದ ಎಂಬ ಭಾವನೆ ನಮ್ಮ ಕಾಲೇಜುಗಳಲ್ಲಿ ಗಟ್ಟಿಯಾಗಿ ಕೂತಿದೆ. ಹಾಗಲ್ಲ ಎಂದು ಹೇಳುವುದಕ್ಕೇ ಈ ವಾರದ ಅಂಕಣ.

ಫ್ರೇಮ್‌ವರ್ಕ್ ಎಂದರೆ ಬೇರೆ ಯಾರೋ ಬರೆದಿಟ್ಟಿರುವ, ನಮ್ಮ ತಂತ್ರಾಂಶ ಅದರ ಮೇಲೆ ನಿಲ್ಲುವ ಚೌಕಟ್ಟು. ಲಾಗಿನ್ ಪುಟ, ಡೇಟಾಬೇಸಿನ ಜೊತೆ ಮಾತುಕತೆ, ಬಂದ ಮಾಹಿತಿಯ ತಪಾಸಣೆ, ಇವೆಲ್ಲ ಅದರಲ್ಲಿ ಸಿದ್ಧವಾಗಿರುತ್ತವೆ. ನಾವು ಬರೆಯುವುದು ಕೆಲವು ನೂರು ಸಾಲಾದರೆ ಕೆಳಗೆ ಓಡುತ್ತಿರುವುದು ಲಕ್ಷಾಂತರ ಸಾಲು. ಅದಷ್ಟನ್ನೂ ಓದಿ ಗುಣಮಟ್ಟ ಅಳೆಯುವುದು ನುರಿತವರಿಗೂ ಆಗದ ಮಾತು. ಹಾಗಿದ್ದೂ ಅದರ ಮೇಲೆ ನಮ್ಮ ಕೆಲಸವನ್ನು ನಿಲ್ಲಿಸುತ್ತೇವೆ, ಅಂದರೆ ಅದನ್ನು ಬರೆದವರ ಮಾತನ್ನು ನಂಬುತ್ತೇವೆ. ಆ ಮಾತು ಇರುವುದು ಡಾಕ್ಯುಮೆಂಟೇಶನ್‌ನಲ್ಲಿ.

ಇದು ಬೆಂಗಳೂರಿನಲ್ಲಿ ಕೂತವರಿಗಿಂತ ತಿತಿಮತಿಯಲ್ಲಿ ಕೂತವರಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿ ಸಿಕ್ಕಿಹಾಕಿಕೊಂಡರೆ ಪಕ್ಕದ ಕುರ್ಚಿಯಲ್ಲಿ ಹಿರಿಯರೊಬ್ಬರು ಇರುತ್ತಾರೆ, ಟೀ ಕುಡಿಯುವಾಗ ಕೇಳಿಕೊಳ್ಳಬಹುದು. ಇಲ್ಲಿ ಒಂದು ಕಡೆ ಮತ್ತಿಗೋಡಿನ ಆನೆ ಶಿಬಿರ, ಇನ್ನೊಂದು ಕಡೆ ಕಾಫಿ ತೋಟ. ನಡುವೆ ಹುಣಸೂರು–ಗೋಣಿಕೊಪ್ಪಲು ರಸ್ತೆ. ಮನೆಯಿಂದಲೇ ಕೆಲಸ ಮಾಡುವ ಹುಡುಗ ಹುಡುಗಿಯರು ಈಗ ಈ ಭಾಗದಲ್ಲಿಯೂ ಇದ್ದಾರೆ, ಆದರೆ ಒಬ್ಬೊಬ್ಬರೂ ಒಂಟಿ. ಅವರಿಗೆ ಡಾಕ್ಯುಮೆಂಟೇಶನ್ನೇ ಹಿರಿಯ ಸಹೋದ್ಯೋಗಿ. ಲೈಸೆನ್ಸ್ ಎನ್ನುವುದು ಕೋಡನ್ನು ತೆರೆದು ನೋಡುವ, ತಿದ್ದುವ, ಹಂಚುವ ಹಕ್ಕು ಕೊಡುತ್ತದೆ. ಆ ಹಕ್ಕನ್ನು ಚಲಾಯಿಸುವ ಶಕ್ತಿ ಬರುವುದು ಯಾರೋ ಕೂತು ಬಿಡಿಸಿ ಬರೆದಾಗ ಮಾತ್ರ. ಮಹಾನಗರದಿಂದ ದೂರ ಇರುವವರಿಗೆ ಈ ಎರಡರ ನಡುವಿನ ಅಂತರ ದಿನದಿನದ ಅನುಭವ.

ಬರಹ ಎಂದಾಗ ಅದರಲ್ಲಿ ಎರಡು ಬಗೆ. ಹೇಗೆ ಬಳಸಬೇಕು ಎಂಬುದು ಒಂದು. ಹೀಗೇಕೆ ಬರೆದಿದ್ದೇವೆ ಎಂಬುದು ಇನ್ನೊಂದು. ಮೊದಲನೆಯದು ಬಹಳ ಕಡೆ ಸಿಗುತ್ತದೆ, ಎರಡನೆಯದು ಅಪರೂಪ, ಮತ್ತು ನನ್ನ ಮಟ್ಟಿಗೆ ಗುಣಮಟ್ಟ ತೀರ್ಮಾನವಾಗುವುದು ಎರಡನೆಯದರಲ್ಲಿ. ತೋಟಕ್ಕೆ ಹೊಸ ರೈಟರ್ ಬಂದಾಗ ಯಾವ ಪಟ್ಟೆಗೆ ಯಾವಾಗ ಸುಣ್ಣ ಹಾಕಿದ್ದು, ಗೊಬ್ಬರ ಎಷ್ಟು ಹೋಯಿತು ಎಂಬ ಲೆಕ್ಕ ಪುಸ್ತಕದಲ್ಲಿ ಇರುತ್ತದೆ. ಆದರೆ ಹಳ್ಳದ ಬದಿಯ ಆ ನಾಲ್ಕು ಮರಗಳಿಗೆ ಮಾತ್ರ ಕಪಾತು ಮಾಡದೆ ಬಿಟ್ಟದ್ದು ಯಾಕೆ ಎಂಬುದು ಬಿಟ್ಟುಹೋದ ರೈಟರನ ತಲೆಯಲ್ಲಿ ಮಾತ್ರ ಇರುತ್ತದೆ. ಹೊಸಬ ಶ್ರದ್ಧೆಯಿಂದ ಕೆಲಸ ಮಾಡುವವನಾದರೆ ಮೊದಲು ಕೊಡಲಿ ಬೀಳುವುದು ಆ ನಾಲ್ಕಕ್ಕೇ.

ಕೋಡಿನಲ್ಲಿ ಇಂಥ ನಾಲ್ಕು ಮರ ಎಲ್ಲಿರುತ್ತವೆ ಎಂದು ತೋರಿಸಲು ಕನ್ನಡದ್ದೇ ಒಂದು ಉದಾಹರಣೆ ಇದೆ. ಪ್ರತಿದಿನ ನಮ್ಮೆಲ್ಲರ ಕಣ್ಣಮುಂದೆ ಇದ್ದರೂ ಬಹಳ ಜನಕ್ಕೆ ಗೊತ್ತಿಲ್ಲದ್ದು, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಸಿಇಟಿ ಫಲಿತಾಂಶ ಬಂದ ಮರುದಿನ ಎಲ್ಲ ಕನ್ನಡ ಪತ್ರಿಕೆಗಳಲ್ಲೂ ಕಾಣುವ ‘ರ‍್ಯಾಂಕ್’ ಎಂಬ ಪದವನ್ನು ನೋಡಿ. ಇಲ್ಲಿ ರ ಪೂರ್ತಿಯಾಗಿ ಮೊದಲು ನಿಂತು, ಯಕಾರ ಅದಕ್ಕೆ ಒತ್ತಾಗಿ ಬಂದಿದೆ. ‘ಸೂರ್ಯ’ ಎಂದು ಬರೆಯುವಾಗ ಹಾಗಲ್ಲ. ಅಲ್ಲಿ ಯ ಪೂರ್ತಿಯಾಗಿ ನಿಲ್ಲುತ್ತದೆ, ರಕಾರ ಅರ್ಕಾವತ್ತಾಗಿ ಅದರ ಬಲಕ್ಕೆ ಹೋಗಿ ಕೂರುತ್ತದೆ. ಉಚ್ಚಾರದ ಕ್ರಮ ಎರಡು ಕಡೆಯೂ ಒಂದೇ, ಮೊದಲು ರ, ಆಮೇಲೆ ಯ. ಕಂಪ್ಯೂಟರಿನ ಒಳಗೂ ರ, ಹಲಂತ, ಯ ಎಂಬ ಮೂರು ಸಂಕೇತಗಳು ಅದೇ ಸಾಲಿನಲ್ಲಿ ಇರುತ್ತವೆ. ಹಾಗಾದರೆ ಎಲ್ಲಿ ಅರ್ಕಾವತ್ತು ಬರಬೇಕು, ಎಲ್ಲಿ ಯ-ಒತ್ತು ಬರಬೇಕು ಎಂದು ಯಂತ್ರಕ್ಕೆ ಹೇಳುವುದು ಹೇಗೆ? ಯೂನಿಕೋಡ್ ಇದಕ್ಕೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಬಳಸುತ್ತದೆ. ಅದರ ಹೆಸರು ಜೀರೋ ವಿಡ್ತ್ ಜಾಯ್ನರ್. ರ ಆದ ಕೂಡಲೇ ಈ ಜಾಯ್ನರ್ ಹಾಕಿ, ಆಮೇಲೆ ಹಲಂತ, ಆಮೇಲೆ ಯ ಹಾಕಿದರೆ ರಕಾರ ತನ್ನ ಜಾಗದಲ್ಲಿ ಪೂರ್ತಿಯಾಗಿ ಉಳಿಯುತ್ತದೆ. ಇದು ಯೂನಿಕೋಡ್ ಗ್ರಂಥದ ಕನ್ನಡ ಭಾಗದಲ್ಲಿ ಬರೆದಿರುವ ನಿಯಮ.

ಆದರೆ ಕನ್ನಡದಲ್ಲಿ ಇನ್ನೊಂದು ಹಳೆಯ ರೂಢಿಯೂ ಇತ್ತು. ಅದರಲ್ಲಿ ಮೊದಲು ರ, ನಂತರ ಹಲಂತ, ಅದಾದ ಮೇಲೆ ಜಾಯ್ನರ್. ಜಾಯ್ನರ್ ಇರುವ ಜಾಗ ಅದಲುಬದಲು, ಅಷ್ಟೇ. ಹಾಗೆ ಟೈಪ್ ಮಾಡಿದ ಪಠ್ಯ ಈಗಲೂ ಉಳಿದಿದೆ. ಹೊಸ ನಿಯಮವನ್ನು ಮಾತ್ರ ಪಾಲಿಸುತ್ತೇವೆ ಎಂದು ತಂತ್ರಾಂಶ ಹಟ ಹಿಡಿದರೆ ಆ ಪಠ್ಯದಲ್ಲಿ ರ‍್ಯಾಂಕ್ ಇದ್ದ ಕಡೆ ಅರ್ಕಾವತ್ತಿನ ‘ರ್ಯಾಂಕ್’ ಕಾಣಿಸಿಕೊಳ್ಳುತ್ತದೆ.

ಅಕ್ಷರಗಳನ್ನು ಹೀಗೆ ಜೋಡಿಸಿ ಪರದೆಯ ಮೇಲೆ ಕೂರಿಸುವ ಕೆಲಸ ಮಾಡುವ ಓಪನ್ ಸೋರ್ಸ್ ಲೈಬ್ರರಿಯ ಹೆಸರು ಹಾರ್ಫ್‌ಬಝ್. ಇರಾನ್ ಮೂಲದ ಬೆಹದಾದ್ ಎಸ್ಫಾಬೋದ್ ಇದರ ಮುಖ್ಯ ಕರ್ತೃ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲವೂ ಇದನ್ನು ಬಳಸುತ್ತವೆ. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಇಂದು ಬೆಳಿಗ್ಗೆ ಓದಿದ ಕನ್ನಡ ಸಂದೇಶ ಇದರ ಮೂಲಕವೇ ಬಂದಿದೆ. ದೇವನಾಗರಿ, ಬಂಗಾಳಿ, ತಮಿಳು, ತೆಲುಗು, ಮಲಯಾಳಂ, ಕನ್ನಡ ಮುಂತಾದ ನಮ್ಮ ಲಿಪಿಗಳಿಗೆಲ್ಲ ಸೇರಿ ಅದರಲ್ಲಿ ಒಂದು ಸಾಮಾನ್ಯ ಭಾಗ ಇದೆ. ಆ ಸಾಮಾನ್ಯ ಭಾಗದ ನಡುವೆ ಕನ್ನಡಕ್ಕೆ ಮಾತ್ರ ಸೇರಿದ ಕೆಲವೇ ಸಾಲುಗಳಿವೆ. ಲಿಪಿ ಕನ್ನಡವಾಗಿದ್ದು, ಅಕ್ಷರದ ಆರಂಭದಲ್ಲಿ ರ, ಹಲಂತ, ಜಾಯ್ನರ್ ಈ ಕ್ರಮದಲ್ಲಿ ಬಂದರೆ ಕೊನೆಯ ಎರಡನ್ನು ಅದಲುಬದಲು ಮಾಡು ಎನ್ನುವುದು ಆ ಸಾಲುಗಳ ಕೆಲಸ. ನನಗೆ ಮುಖ್ಯವಾಗಿ ಕಾಣುವುದು ಅದರ ಮೇಲೆ ಇರುವ ಕಮೆಂಟ್. ಕನ್ನಡದ ಹಳೆಯ ಬಳಕೆ ಕೆಡಬಾರದು ಎಂಬ ಕಾರಣಕ್ಕೆ ಹೀಗೆ ಮಾಡಿದೆ ಎಂದು ಅಲ್ಲಿ ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆದಿದೆ, ಈ ಬಗ್ಗೆ ಚರ್ಚೆ ನಡೆದ ಜಾಗದ ಕೊಂಡಿಯನ್ನೂ ಕೊಟ್ಟಿದೆ.

ಆ ಕಮೆಂಟ್ ಇರಲಿಲ್ಲ ಎಂದುಕೊಳ್ಳಿ. ಕನ್ನಡ ಗೊತ್ತಿಲ್ಲದ, ಆದರೆ ಕೋಡ್ ಅಚ್ಚುಕಟ್ಟಾಗಿರಬೇಕು ಎಂದು ಬಯಸುವ ಒಬ್ಬ ಒಳ್ಳೆಯ ಪ್ರೋಗ್ರಾಮರ್ ಕೆಲವು ವರ್ಷಗಳ ನಂತರ ಅಲ್ಲಿಗೆ ಬರುತ್ತಾನೆ. ಎಲ್ಲ ಲಿಪಿಗಳಿಗೂ ಒಂದೇ ದಾರಿ ಇರುವಾಗ ಇದೊಂದು ಲಿಪಿಗೆ ಯಾಕೆ ವಿನಾಯಿತಿ? ಯೂನಿಕೋಡ್ ನಿಯಮದಲ್ಲಿಯೂ ಈ ಕ್ರಮ ಇಲ್ಲವಲ್ಲ? ಅವನ ತರ್ಕದಲ್ಲಿ ದೋಷವಿಲ್ಲ. ಅವನು ಅದನ್ನು ಅಳಿಸುತ್ತಾನೆ. ಉಳಿದ ಭಾಷೆಗಳಿಗೆ ಏನೂ ಆಗುವುದಿಲ್ಲ. ಮುಂದಿನ ಅಪ್‌ಡೇಟ್ ಬಂದ ದಿನ ಕನ್ನಡದ ಹಳೆಯ ಬರಹಗಳಲ್ಲಿ ಮಾತ್ರ ಅಕ್ಷರ ಕೆಡುತ್ತದೆ, ಅದು ಯಾಕೆ ಕೆಟ್ಟಿತು ಎಂದು ತಿಳಿಯದ ಓದುಗ ಫಾಂಟನ್ನೋ ಫೋನನ್ನೋ ದೂರುತ್ತಾನೆ. ಹಾಗೆ ಆಗದಂತೆ ಕಾದಿರುವುದು ಕೋಡಿನ ಜೊತೆಗೇ ಕುಳಿತಿರುವ ಒಂದೆರಡು ಸಾಲಿನ ಬರಹ. ಕೋಡಿನ ಗುಣಮಟ್ಟ ಮತ್ತು ಡಾಕ್ಯುಮೆಂಟೇಶನ್ ಎರಡು ಬೇರೆ ಬೇರೆ ವಿಷಯ ಎಂದು ಯಾರಾದರೂ ಹೇಳಿದರೆ ನಾನು ಅವರಿಗೆ ಈ ಜಾಗ ತೋರಿಸುತ್ತೇನೆ.

ಹಾರ್ಫ್‌ಬಝ್‌ನ ಇನ್ನೊಂದು ಅಭ್ಯಾಸವೂ ಹೇಳಲೇಬೇಕಾದದ್ದು. 2012ರ ಸುಮಾರಿಗೆ ಭಾರತೀಯ ಲಿಪಿಗಳ ಭಾಗವನ್ನು ಹೊಸದಾಗಿ ಬರೆಯುವಾಗ ಅದು ಸರಿಯಾಗಿದೆಯೇ ಎಂದು ನೋಡಲು ಬೇರೆ ಬೇರೆ ಭಾಷೆಗಳ ವಿಕಿಪೀಡಿಯದಿಂದ ಪದಗಳನ್ನು ಆರಿಸಿಕೊಂಡರು. ಒಂದೊಂದು ಪದವನ್ನೂ ಮೈಕ್ರೋಸಾಫ್ಟಿನ ಯೂನಿಸ್ಕ್ರೈಬ್ ಹೇಗೆ ಜೋಡಿಸುತ್ತದೆ, ತಮ್ಮದು ಹೇಗೆ ಜೋಡಿಸುತ್ತದೆ ಎಂದು ಹೋಲಿಸಿದರು. ಕನ್ನಡದ ಪದಗಳೇ ಸುಮಾರು ಒಂಬತ್ತೂವರೆ ಲಕ್ಷ. ಒಂದು ಹಂತಕ್ಕೆ ಬಂದಾಗ ಅವುಗಳಲ್ಲಿ ಹೊಂದಾಣಿಕೆಯಾಗದೆ ಉಳಿದವು ಸಾವಿರಕ್ಕಿಂತ ಕಡಿಮೆ. ಈ ಅಂಕಿಗಳನ್ನು ಭಾಷೆವಾರು, ಬದಲಾವಣೆ ಮಾಡಿದಾಗಲೆಲ್ಲ ಬರೆಯುವ ಕಮಿಟ್ ಸಂದೇಶದಲ್ಲಿಯೇ ದಾಖಲಿಸುತ್ತಾ ಹೋದರು. ಯೂನಿಸ್ಕ್ರೈಬ್‌ನದೇ ತಪ್ಪು ಎಂದು ಅನ್ನಿಸಿದ ಕಡೆ ಬೇಕೆಂದೇ ಅದನ್ನು ಬಿಟ್ಟು ಬೇರೆ ದಾರಿ ಹಿಡಿದರು, ಹಾಗೆ ಮಾಡಿದ್ದನ್ನೂ ಗುರುತು ಹಾಕಿಟ್ಟರು. ಇವತ್ತು ಯಾರು ಬೇಕಾದರೂ ಆ ಇತಿಹಾಸವನ್ನು ತೆರೆದು, ಕನ್ನಡ ಯಾವ ದಿನ ಎಷ್ಟು ಸುಧಾರಿಸಿತು ಎಂದು ಓದಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಸಂಬಳವಿಲ್ಲದೆ ಲೇಖನ ಬರೆದವರ ಪದಗಳು ಹೀಗೆ ಎಲ್ಲರ ಫೋನಿನ ಕನ್ನಡವನ್ನು ಸರಿಪಡಿಸಲು ನೆರವಾದವು. ಅವರಲ್ಲಿ ಬಹಳ ಮಂದಿಗೆ ಇದು ತಿಳಿದಿರಲಾರದು. ತಿಳಿಯಬೇಕು ಎಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಎದುರಾದ ಸ್ಥಿತಿಯನ್ನೂ ಕನ್ನಡ ಕಂಡಿದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಡಿಟಿಪಿ ಅಂಗಡಿಗಳಲ್ಲಿ, ಪತ್ರಿಕಾಲಯಗಳಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು. ಯಾವ ಚೂರು ಯಾವ ಜಾಗದಲ್ಲಿ ಎಂಬುದು ಒಂದೊಂದು ಕಂಪನಿಯ ತಂತ್ರಾಂಶಕ್ಕೆ ಒಂದೊಂದು ರೀತಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ವರ್ಷಗಟ್ಟಲೆ ಟೈಪ್ ಮಾಡಿದ ಪುಸ್ತಕ, ಪತ್ರ, ಆದೇಶಗಳು ಹೀಗೆ ಬೀಗ ಹಾಕಿದ ಹಾಗೆ ಉಳಿದವು. ಅವನ್ನು ಬಿಡಿಸಿಕೊಳ್ಳಲು ನೆರವಾದ ಓಪನ್ ಸೋರ್ಸ್ ಪರಿವರ್ತಕಗಳಲ್ಲಿ ಒಂದನ್ನು ಬರೆದವರು ಗುಬ್ಬಿ ಮತ್ತು ನವಿಲು ಎಂಬ ಮುಕ್ತ ಫಾಂಟುಗಳನ್ನು ಮಾಡಿದ ಅರವಿಂದ ವಿ.ಕೆ. ಆ ಪರಿವರ್ತಕದ ಕೋಡ್ ಓದುವುದು ನನಗೆ ಇಷ್ಟ. ಯಾವ ಚಿಹ್ನೆಗೆ ಯಾವ ಅಕ್ಷರ ಎಂಬ ಪಟ್ಟಿ, ಒತ್ತಕ್ಷರಗಳಿಗೆ ಬೇರೆ ಪಟ್ಟಿ, ಅರ್ಕಾವತ್ತಿಗೆ ಬೇರೆ, ಒಡೆದುಹೋಗುವ ಸಂದರ್ಭಗಳಿಗೆ ಬೇರೆ. ಪಟ್ಟಿಗಳ ಹೆಸರಿನಲ್ಲಿಯೇ ನಮ್ಮ ವ್ಯಾಕರಣದ ಮಾತುಗಳಿವೆ. ಹಳೆಯ ಫಾಂಟುಗಳು ಅಕ್ಷರ ಹೇಗೆ ಕಟ್ಟುತ್ತಿದ್ದವು ಎಂದು ಹೊಸಬರಿಗೆ ತಿಳಿಯಬೇಕಾದರೆ ಈಗ ಆ ಕೋಡ್ ಓದಿದರೆ ಸಾಕು. ಒಳ್ಳೆಯ ಹೆಸರಿಡುವುದು ಡಾಕ್ಯುಮೆಂಟೇಶನ್‌ನ ಮೊದಲ ಹೆಜ್ಜೆ ಎಂದು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಕೊಡುವ ಉದಾಹರಣೆ ಇದೇ.

ಇನ್ನು ವೆಬ್ ಫ್ರೇಮ್‌ವರ್ಕ್‌ಗಳ ಕಡೆ ಬರೋಣ. ಪ್ರಾಜೆಕ್ಟಿಗೆ ಯಾವುದು ಎಂದು ಕೇಳುವವರಿಗೆ ನಾನು ಸಾಮಾನ್ಯವಾಗಿ ಜಾಂಗೋ ಹೆಸರು ಹೇಳುತ್ತೇನೆ. ಅದು ಹುಟ್ಟಿದ್ದು ಒಂದು ಪತ್ರಿಕಾಲಯದಲ್ಲಿ ಎಂಬುದು ಪತ್ರಿಕೆ ಓದುವ ನಿಮಗೆ ಇಷ್ಟವಾಗಬಹುದು. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಲಾರೆನ್ಸ್ ಜರ್ನಲ್-ವರ್ಲ್ಡ್ ಪತ್ರಿಕೆಯ ವೆಬ್ ವಿಭಾಗದಲ್ಲಿ 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ ಇದನ್ನು ಶುರು ಮಾಡಿದರು. ಸುದ್ದಿಮನೆಯಲ್ಲಿ ಗಂಟೆಗಳ ಒಳಗೆ ಕೆಲಸ ಮುಗಿಯಬೇಕು, ಆದ್ದರಿಂದ ಒಮ್ಮೆ ಬರೆದದ್ದು ಮತ್ತೆ ಬಳಕೆಗೆ ಬರುವಂತಿರಬೇಕು. 2005ರ ಜುಲೈನಲ್ಲಿ ಅದನ್ನು ಎಲ್ಲರಿಗೂ ಬಿಡುಗಡೆ ಮಾಡಿದರು. ಜಾಂಗೋ ಸಮುದಾಯದ ಒಂದು ನಿಯಮ ನನಗೆ ಬಹಳ ಹಿಡಿಸಿದ್ದು. ಹೊಸ ಸೌಲಭ್ಯ ಸೇರಿಸಲು ಯಾರಾದರೂ ಕೋಡ್ ಕಳುಹಿಸಿದರೆ ಅದರ ಜೊತೆ ಟೆಸ್ಟ್ ಇರಬೇಕು, ಡಾಕ್ಯುಮೆಂಟೇಶನ್ನೂ ಇರಬೇಕು. ಬರಹ ಇಲ್ಲದ ಕೋಡನ್ನು ಮುಗಿದ ಕೆಲಸ ಎಂದು ಪರಿಗಣಿಸುವುದಿಲ್ಲ. ಅವರ ಡಾಕ್ಯುಮೆಂಟೇಶನ್ನಿಗೆ ನಾಲ್ಕು ಭಾಗ. ಕೈಹಿಡಿದು ನಡೆಸುವ ಪಾಠ, ವಿಷಯವನ್ನು ಬಿಡಿಸಿ ಹೇಳುವ ಲೇಖನ, ಒಂದು ನಿರ್ದಿಷ್ಟ ಕೆಲಸ ಮಾಡಿಕೊಳ್ಳುವ ಕ್ರಮ, ವಿವರಗಳ ಆಕರ. ಮೊದಲ ಬಾರಿ ಬಂದವನಿಗೂ ಹತ್ತು ವರ್ಷ ಬಳಸಿದವನಿಗೂ ಬೇಕಾದ್ದು ಬೇರೆ ಬೇರೆ ಎಂಬ ಅರಿವು ಆ ವಿಂಗಡಣೆಯಲ್ಲಿದೆ. ಯಾವುದನ್ನಾದರೂ ತೆಗೆದುಹಾಕುವ ಮೊದಲು ಕೆಲವು ಆವೃತ್ತಿಗಳ ಮುಂಚೆಯೇ ಎಚ್ಚರಿಕೆ ಕೊಡುತ್ತಾರೆ, ಬದಲಿಗೆ ಏನು ಬಳಸಬೇಕು ಎಂದೂ ಹೇಳುತ್ತಾರೆ.

ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಇದೇ ಶಿಸ್ತು ಬೇರೆ ರೂಪದಲ್ಲಿದೆ. ಅದರ ಪರದೆಯ ಮೇಲೆ ಕಾಣುವ ಪ್ರತಿಯೊಂದು ಸಂದೇಶವನ್ನೂ ಕನ್ನಡವೂ ಸೇರಿ ನೂರಾರು ಭಾಷೆಗಳಿಗೆ ಸ್ವಯಂಸೇವಕರು ತರುತ್ತಾರೆ. ಸಂದೇಶ ಎಲ್ಲಿ ಕಾಣುತ್ತದೆ, ಅದರ ನಡುವೆ ತುಂಬಿಕೊಳ್ಳುವುದು ಬಳಕೆದಾರರ ಹೆಸರೋ ಒಂದು ಸಂಖ್ಯೆಯೋ ಎಂದು ತಿಳಿಯದೆ ಕನ್ನಡದಲ್ಲಿ ವಾಕ್ಯ ಕಟ್ಟಲಾಗದು. ಅದಕ್ಕೆಂದೇ ಕ್ಯೂಕ್ಯೂಕ್ಯೂ ಎಂಬ, ಯಾವ ಜನರೂ ಆಡದ ಒಂದು ಭಾಷಾ ಸಂಕೇತವನ್ನು ಇಟ್ಟುಕೊಂಡು ಅದರ ಹೆಸರಿನಲ್ಲಿ ಎಲ್ಲ ಸಂದೇಶಗಳಿಗೂ ಟಿಪ್ಪಣಿ ಬರೆಯುತ್ತಾರೆ. ಟಿಪ್ಪಣಿ ಇಲ್ಲದ ಹೊಸ ಸಂದೇಶ ಬಂದರೆ ಸ್ವಯಂಚಾಲಿತ ಪರೀಕ್ಷೆಯೇ ಅದನ್ನು ತಡೆಯುತ್ತದೆ. ಬರಹವನ್ನು ಜನರ ಒಳ್ಳೆಯತನಕ್ಕೆ ಬಿಡದೆ ಕೋಡಿನಂತೆಯೇ ಪರೀಕ್ಷೆಗೆ ಒಡ್ಡುವುದು ನಾನು ಕಂಡ ಉತ್ತಮ ಪದ್ಧತಿಗಳಲ್ಲಿ ಒಂದು.

ಕರ್ನಾಟಕದಿಂದಲೇ ಹೊರಟು ಹೊರದೇಶಗಳನ್ನು ತಲುಪಿದ ಒಂದು ಚೌಕಟ್ಟನ್ನೂ ಹೇಳಬೇಕು. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ಮೋಸಿಪ್, ಒಂದು ದೇಶ ತನ್ನ ಜನರಿಗೆ ಗುರುತಿನ ಚೀಟಿ ವ್ಯವಸ್ಥೆ ಕಟ್ಟಿಕೊಳ್ಳಲು ಬೇಕಾದ ಓಪನ್ ಸೋರ್ಸ್ ವೇದಿಕೆ. ಫಿಲಿಪ್ಪೀನ್ಸ್, ಮೊರಾಕೊ ಅದನ್ನು ಮೊದಮೊದಲು ಕೈಗೆತ್ತಿಕೊಂಡ ದೇಶಗಳು. ಅಲ್ಲಿನ ಇಂಜಿನಿಯರುಗಳು ಬೆಂಗಳೂರಿನ ಕೋಡನ್ನು ತಮ್ಮ ಕಾನೂನಿಗೆ, ತಮ್ಮ ಭಾಷೆಗೆ, ತಮ್ಮ ಸರ್ವರುಗಳಿಗೆ ಹೊಂದಿಸಿಕೊಳ್ಳಬೇಕು. ಡಾಕ್ಯುಮೆಂಟೇಶನ್ ಕೈಕೊಟ್ಟರೆ ಅವರು ಮತ್ತೆ ಒಂದು ಗುತ್ತಿಗೆ ಕಂಪನಿಯ ಬಾಗಿಲಿಗೆ ಹೋಗಬೇಕಾಗುತ್ತದೆ. ಆಗ ಕೋಡ್ ತೆರೆದಿದ್ದೂ ದೇಶ ಪರಾಧೀನವಾಗಿಯೇ ಉಳಿಯುತ್ತದೆ. ನಮ್ಮ ಸರ್ಕಾರಗಳು ತಂತ್ರಾಂಶದ ಟೆಂಡರ್ ಕರೆಯುವಾಗ ಮೂಲ ಕೋಡ್ ಒಪ್ಪಿಸಬೇಕು ಎಂದು ಕೇಳಿದರೆ ಸಾಲದು, ಮೂರನೆಯವರು ಓದಿ ಅದನ್ನು ನಡೆಸಬಲ್ಲಂಥ ಬರಹವನ್ನೂ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಹೀಗೆಲ್ಲ ಇದ್ದೂ ಬರೆಯುವವರು ಯಾಕೆ ಕಡಿಮೆ? ಗಿಟ್‌ಹಬ್ 2017ರಲ್ಲಿ ಓಪನ್ ಸೋರ್ಸ್ ಬಗ್ಗೆ ಒಂದು ಸಮೀಕ್ಷೆ ನಡೆಸಿತು. ಅರೆಬರೆ ಅಥವಾ ಗೊಂದಲದ ಡಾಕ್ಯುಮೆಂಟೇಶನ್ನಿನ ಸಮಸ್ಯೆಯನ್ನು ಎದುರಿಸಿದವರು ಶೇ 93 ಮಂದಿ. ಕೊಡುಗೆ ನೀಡುವವರಲ್ಲಿ ಶೇ 60 ಮಂದಿ ಡಾಕ್ಯುಮೆಂಟೇಶನ್ನಿಗೆ ತಾವು ಕೈಹಾಕುವುದು ಅಪರೂಪ ಅಥವಾ ಇಲ್ಲವೇ ಇಲ್ಲ ಎಂದರು. ಹೊಸ ಸೌಲಭ್ಯ ಬರೆದವರಿಗೆ ಹೆಸರು ಬರುತ್ತದೆ, ಅದನ್ನು ವಿವರಿಸಿ ಬರೆದವರಿಗೆ ಬರುವುದಿಲ್ಲ. ಕಂಪನಿಗಳ ಸಂದರ್ಶನದಲ್ಲಿಯೂ ಕೋಡ್ ಬರೆಸುತ್ತಾರೆ, ಒಂದು ಪ್ಯಾರಾ ಬರೆಸುವುದನ್ನು ನಾನು ಕಂಡದ್ದು ಬಹಳ ಕಡಿಮೆ.

ಬರೆದದ್ದೆಲ್ಲ ಕಾಪಾಡುತ್ತದೆ ಎಂದೂ ಹೇಳಲಾರೆ. 2021ರ ಡಿಸೆಂಬರಿನಲ್ಲಿ ಜಗತ್ತಿನ ಸರ್ವರುಗಳನ್ನೆಲ್ಲ ಆತಂಕಕ್ಕೆ ತಳ್ಳಿದ ಲಾಗ್‌ಫೋರ್‌ಜೆ ದೋಷವನ್ನು ನೆನಪಿಸಿಕೊಳ್ಳಿ. ಜಾವಾ ತಂತ್ರಾಂಶಗಳು ತಮ್ಮ ದಿನಚರಿ ಬರೆಯಲು ಬಳಸುವ ಲೈಬ್ರರಿ ಅದು. ದಿನಚರಿಗೆ ಬರೆಯುವ ಪಠ್ಯದಲ್ಲಿ ಒಂದು ವಿಶೇಷ ಗುರುತು ಇದ್ದರೆ ಹೊರಗಿನ ಸರ್ವರಿನಿಂದ ಮಾಹಿತಿ ತರುವ ಸೌಲಭ್ಯ 2013ರಲ್ಲಿ ಅದಕ್ಕೆ ಸೇರಿತ್ತು. ಹೊರಗಿನವರು ಕಳುಹಿಸಿದ ಪಠ್ಯದಲ್ಲಿಯೇ ಆ ಗುರುತು ಇದ್ದರೆ ಅವರ ಕೋಡ್ ನಮ್ಮ ಸರ್ವರಿನಲ್ಲಿ ಓಡುತ್ತಿತ್ತು. ಸೌಲಭ್ಯದ ಹೆಸರು ಡಾಕ್ಯುಮೆಂಟೇಶನ್ನಿನ ಪಟ್ಟಿಯಲ್ಲಿ ಇತ್ತು. ಅದು ಯಾರಿಗೆ ಬೇಕು, ಬೇಡದವರಿಗೂ ಯಾಕೆ ತಾನಾಗಿಯೇ ಚಾಲೂ ಆಗಿದೆ ಎಂದು ಕೇಳಿಕೊಳ್ಳುವ ಸಂದರ್ಭ ಮಾತ್ರ ಎಂಟು ವರ್ಷ ಬರಲಿಲ್ಲ. ಹೇಗೆ ಎಂಬುದನ್ನು ಬರೆದು ಏಕೆ ಎಂಬುದನ್ನು ಬಿಟ್ಟರೆ ಇಂಥವು ಒಳಗೇ ಉಳಿದುಬಿಡುತ್ತವೆ.

ಈಚೆಗೆ ಯಂತ್ರವೇ ಕಮೆಂಟ್ ಬರೆದುಕೊಡುತ್ತದೆಯಲ್ಲ, ಇನ್ನೇನು ಚಿಂತೆ ಎನ್ನುವವರೂ ಇದ್ದಾರೆ. ಎಐ ಸಹಾಯಕಗಳು ಬರೆದ ಕಮೆಂಟುಗಳನ್ನು ನಾನು ಸಾಕಷ್ಟು ಓದುತ್ತಿದ್ದೇನೆ. ಕೋಡಿನಲ್ಲಿ ಕಾಣುವುದನ್ನೇ ಅವು ಮತ್ತೊಮ್ಮೆ ವಾಕ್ಯದಲ್ಲಿ ಹೇಳುತ್ತವೆ, ಅದೂ ಸ್ವಚ್ಛವಾಗಿ. ಕನ್ನಡದ ಮೂರು ಸಂಕೇತಗಳಲ್ಲಿ ಎರಡನ್ನು ಅದಲುಬದಲು ಮಾಡುತ್ತದೆ ಎಂದು ಯಂತ್ರ ಖಂಡಿತ ಬರೆದೀತು. ಹಳೆಯ ಪಠ್ಯ ಕೆಡಬಾರದು ಎಂದು ಜನ ಕೂತು ಚರ್ಚಿಸಿ ತೀರ್ಮಾನಿಸಿದ್ದು ಕೋಡಿನಲ್ಲಿ ಇರುವುದಿಲ್ಲ. ತೀರ್ಮಾನ ಮಾಡಿದವರು ಬರೆದಿಡದಿದ್ದರೆ ಅದನ್ನು ಯಂತ್ರ ಎಲ್ಲಿಂದ ತರಬೇಕು?

ಹಾಗಾಗಿ ಒಂದು ಫ್ರೇಮ್‌ವರ್ಕ್ ಹಿಡಿಯುವ ಮೊದಲು ನಾನು ಮಾಡುವುದು ಇಷ್ಟು. ಮೊದಲ ಪಾಠವನ್ನು ಅವರು ಬರೆದ ಹಾಗೆಯೇ, ನನ್ನ ಜಾಣತನ ಸೇರಿಸದೆ, ಸಾಲು ಸಾಲಾಗಿ ಮಾಡಿ ನೋಡುತ್ತೇನೆ. ಬೇಕೆಂದೇ ಒಂದು ತಪ್ಪು ಮಾಡಿ ಅದು ಕೊಡುವ ದೋಷ ಸಂದೇಶ ಓದುತ್ತೇನೆ, ಏಕೆಂದರೆ ಜನ ನಿಜವಾಗಿ ಓದುವ ಡಾಕ್ಯುಮೆಂಟೇಶನ್ ಅದೇ. ಚೇಂಜ್‌ಲಾಗ್ ತೆರೆದು, ಹಳೆಯದನ್ನು ತೆಗೆದಾಗ ಕಾರಣ ಹೇಳಿದ್ದಾರೆಯೇ ನೋಡುತ್ತೇನೆ. ಟೆಸ್ಟುಗಳ ಹೆಸರು ಓದಿದರೆ ಯಾವ ಯಾವ ಸಂಕಟಗಳನ್ನು ಅವರು ಈಗಾಗಲೇ ದಾಟಿದ್ದಾರೆ ಎಂದು ತಿಳಿಯುತ್ತದೆ. ಕೊನೆಗೆ, ಡಾಕ್ಯುಮೆಂಟೇಶನ್ ಇಡಿಯಾಗಿ ಇಳಿಸಿಕೊಳ್ಳಲು ಸಿಗುತ್ತದೆಯೇ ಎಂದು ಹುಡುಕುತ್ತೇನೆ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಊರಿನಲ್ಲಿ ಇದು ಚಿಕ್ಕ ವಿಷಯವಲ್ಲ. ಪೈಥಾನ್, ಜಾಂಗೋ ಎರಡರದ್ದೂ ಇಡೀ ಡಾಕ್ಯುಮೆಂಟೇಶನ್ ಇಳಿಸಿಕೊಳ್ಳಬಹುದು. ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಂತೂ ಕೈಪಿಡಿ ಪುಟಗಳು ಕಂಪ್ಯೂಟರಿನೊಳಗೇ ಬರುತ್ತವೆ, ಅವುಗಳಲ್ಲಿನ ತಪ್ಪನ್ನು ಕೋಡಿನ ತಪ್ಪಿನಷ್ಟೇ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಓಪನ್ ಸೋರ್ಸ್‌ಗೆ ತಾವೂ ಏನಾದರೂ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುವ ವಿದ್ಯಾರ್ಥಿಗಳಿಗೆ ಒಂದು ಮಾತು. ಇನ್‌ಸ್ಟಾಲೇಶನ್ ಪುಟವನ್ನು ಹಿಡಿದು ಹೊಸ ಕಂಪ್ಯೂಟರಿನಲ್ಲಿ ಮಾಡುತ್ತಾ ಹೋಗಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಪುಟ ಏನು ಹೇಳಿತ್ತು, ನಿಜವಾಗಿ ಆದದ್ದೇನು ಎಂದು ಬರೆದು ಕಳುಹಿಸಿ. ಇದನ್ನು ನಿಮ್ಮಷ್ಟು ಚೆನ್ನಾಗಿ ಆ ಫ್ರೇಮ್‌ವರ್ಕ್ ಬರೆದವರೂ ಮಾಡಲಾರರು, ಅವರಿಗೆ ಎಲ್ಲವೂ ಗೊತ್ತಿರುವುದರಿಂದ ಬಿಟ್ಟುಹೋದ ಹೆಜ್ಜೆ ಕಣ್ಣಿಗೆ ಬೀಳುವುದಿಲ್ಲ. ಇಂಗ್ಲಿಷ್ ಬರವಣಿಗೆ ಕಷ್ಟ ಎನ್ನುವವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯನ್ನು ನೋಡಿ. ಲಿನಕ್ಸ್, ಲಿಬ್ರೆಆಫೀಸ್ ಮುಂತಾದ ಮುಕ್ತ ತಂತ್ರಾಂಶಗಳ ಬಗ್ಗೆ ಸುಮಾರು ಹತ್ತು ನಿಮಿಷದ ಪಾಠಗಳು ಅಲ್ಲಿ ಕನ್ನಡ ಧ್ವನಿಯಲ್ಲಿಯೂ ಇವೆ, ಗುರುಗಳಿಲ್ಲದೆ ಒಬ್ಬರೇ ಕಲಿಯುವವರನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಒಂದು ಪಾಠದ ಪಠ್ಯ ಓದಿ, ಅದರಂತೆ ಮಾಡಿ, ಹೊಸ ಆವೃತ್ತಿಯಲ್ಲಿ ಎಲ್ಲಿ ಬದಲಾಗಿದೆ ಎಂದು ಗುರುತು ಹಾಕಿ. ಗೋಣಿಕೊಪ್ಪಲಿನಿಂದ ಹೀಗೆ ಕೇಳಿ ಬರೆದಿದ್ದ ಒಬ್ಬ ವಿದ್ಯಾರ್ಥಿನಿಗೂ ಇದನ್ನೇ ಬರೆದಿದ್ದೇನೆ: ಈ ಸೆಮಿಸ್ಟರ್ ರಜೆಯಲ್ಲಿ ಜಾಂಗೋದ ಮೊದಲ ಪಾಠ ಮುಗಿಸಿ, ಅಡ್ಡಿಯಾದ ಜಾಗಗಳ ಪಟ್ಟಿ ಕಳುಹಿಸಿದರೆ, ಅದನ್ನು ಜಾಂಗೋ ಸಮುದಾಯಕ್ಕೆ ತಲುಪಿಸುವ ಕ್ರಮವನ್ನು ಮುಂದಿನ ಅಂಕಣದಲ್ಲಿ ವಿವರವಾಗಿ ಹೇಳುತ್ತೇನೆ.